ಮೇಸ್ತ್ರಿ ಬಳಿದ ಬೆಳ್ಳಿ ಬಣ್ಣ

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ, ಎಂಟನೇ ಕ್ಲಾಸಿನ ನಡುವೆ. ಫೇಲಾಗಿ ಬಿಟ್ಟಿದ್ದಲ್ಲ. ಜನ ಹಾಗೇ ತಿಳ್ಕೊಳ್ತಾರೆ, ಅದಕ್ಕೇ ಮೊದಲೇ ಹೇಳಿಬಿಡ್ತೀನಿ. ಬನಶಂಕರಿಯಲ್ಲಿ ಸ್ಕೂಲಿಗೆ ಹೋಗೋ ದಾರಿಯಲ್ಲಿ ಒಂದು ಗ್ಯಾರೇಜಿತ್ತು. ಅಲ್ಲಿ ಬಿಚ್ಚಿಟ್ಟ ಗೇರ್‌ಬಾಕ್ಸುಗಳನ್ನ ನೋಡ್ತಾ ನಿಂತು ಎಷ್ಟೋ ಸಲ ಮೊದಲನೇ ಬೆಲ್ ತಪ್ಪಿಸಿಕೊಂಡಿದ್ದೆ. ಒಂದು ದಿನ ಸ್ಕೂಲಿನವರು ಗೇಟೇ ಹಾಕಿಬಿಟ್ಟರು. ಮಾರನೇ ದಿನ ಪುಸ್ತಕದ ಚೀಲ ಮನೆಯಲ್ಲೇ ಬಿಟ್ಟು ಸೀದಾ ಗ್ಯಾರೇಜಿಗೆ ಹೋದೆ. ಅಪ್ಪ ಹೊಡೆದರು, ಅಮ್ಮ ಅತ್ತಳು, ಆಮೇಲೆ ಇಬ್ಬರಿಗೂ ಅಭ್ಯಾಸ ಆಯ್ತು.

ಆ ಗ್ಯಾರೇಜಿನ ಯಜಮಾನನನ್ನ ಎಲ್ಲರೂ ಮೇಸ್ತ್ರಿ ಅಂತಿದ್ದರು. ನಾನೂ ಇಲ್ಲಿ ಹಾಗೇ ಅಂತೀನಿ. ಹೆಸರು ಹಿಡಿದು ಬರೆಯೋಷ್ಟು ಪ್ರೀತಿ ನನಗಿಲ್ಲ. ಕೆಲಸ ಕಲಿಸಿದ್ದು ಅವನೇ, ಅದನ್ನ ಅಲ್ಲಗಳೆಯೋದಿಲ್ಲ. ಕಣ್ಣು ಮುಚ್ಚಿ ಬೇರಿಂಗ್ ತಿರುಗಿಸಿ, ಅದರ ಸದ್ದಲ್ಲೇ ಆಯಸ್ಸು ಹೇಳೋದು ಅವನಿಂದಲೇ ಕಲಿತೆ. ಆದರೆ ಮೇಸ್ತ್ರಿಗೆ ಒಂದು ಖಯಾಲಿ ಇತ್ತು, ಬೆಳ್ಳಿ ಬಣ್ಣದ್ದು. ಅವನ ಗ್ಯಾರೇಜಿಂದ ಹೊರಗೆ ಹೋಗೋ ಯಾವ ಸಾಮಾನಾದರೂ ಸರಿ, ಅದಕ್ಕೆ ಒಂದು ಕೈ ಬೆಳ್ಳಿ ಬಣ್ಣ ಬೀಳಲೇಬೇಕು. ಎರಕದಲ್ಲಿ ಹಳ್ಳ ತೂತು ಕಂಡರೆ ಮೊದಲು ಪುಟ್ಟಿ ತುಂಬಿ, ಉಜ್ಜಿ, ಆಮೇಲೆ ಬಣ್ಣ.

"ಕೆಲಸ ಮಾಡಿದ್ರೆ ಸಾಲ್ದು ಕಣ್ರೋ, ಮಾಡಿದೀವಿ ಅಂತ ಕಾಣ್ಬೇಕು," ಅಂತಿದ್ದ. ಕಸ್ಟಮರು ಬಗ್ಗಿ ಕಾರಿನ ಕೆಳಗೆ ನೋಡಿದಾಗ ಫಳಫಳ ಅಂದರೆ ಅವನಿಗೆ ಅದೇ ಸಂತೋಷ. ಊರಲ್ಲಿ ಬೇರೆ ಯಾರೂ ಗೇರ್‌ಬಾಕ್ಸಿಗೆ ಬೆಳ್ಳಿ ಬಳೀತಿರಲಿಲ್ಲ. ಬಳಿದದ್ದು ಕಂಡರೆ ಅದು ಮೇಸ್ತ್ರಿ ಕೈಯಿಂದ ಬಂದ ಗಾಡಿ ಅಂತಲೇ ಅರ್ಥ.

ನನಗೂ ಒಂದು ಗುರುತಿತ್ತು. ನಾನು ಜೋಡಿಸಿದ ಪ್ರತಿ ಗೇರ್‌ಬಾಕ್ಸಿನ ಬಾಲದ ಕಡೆ, ಕೆಳಗಿನ ಬೋಲ್ಟಿನ ಪಕ್ಕ, ಪಂಚಿನಿಂದ ಒಂದು ಚುಕ್ಕಿ. ಅದು ಯಾರಿಗೂ ಕಾಣಬೇಕಾಗಿರಲಿಲ್ಲ, ನನಗೆ ಗೊತ್ತಿದ್ದರೆ ಸಾಕಿತ್ತು.

ನನಗೆ ಅಲ್ಲೇ ಮೀಸೆ ಬಂದು, ಮದುವೆಯಾಗಿ, ಗೇರ್‌ಬಾಕ್ಸ್ ಅಂದರೆ ನನ್ನನ್ನೇ ಕರೆಯೋ ಹಾಗಾದ ಕಾಲಕ್ಕೆ ಆ ಅಂಬಾಸಿಡರ್ ಬಂತು. ಹಾಲಿನ ಬಿಳಿ, ಸ್ಟೀರಿಂಗ್ ಪಕ್ಕದ ಗೇರು. ಜಯನಗರದ ಒಬ್ಬ ಹಿರಿಯರದ್ದು. ಕಾರನ್ನ ಮಗುವಿನ ಹಾಗೆ ನೋಡ್ಕೊಳ್ಳೋರು. ಎರಡನೇ ಗೇರು ತಾನಾಗೇ ಹಾರಿ ಬರ್ತಿತ್ತು. ನಾನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಸೋರದ ಹಾಗೆ ಹೊಸ ಸೀಲು, ಹೊಸ ಗ್ಯಾಸ್ಕೆಟ್ಟು ಹಾಕಿ ಜೋಡಿಸಿದೆ. ಗೇರ್‌ಬಾಕ್ಸಿನ ತಲೆ ಮೇಲೆ ಉಸಿರಾಡೋಕೆ ಒಂದು ಸಣ್ಣ ತೂತಿರುತ್ತೆ. ಬ್ರೀದರ್ ಅಂತೀವಿ. ಬಾಕ್ಸು ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಅದರಿಂದ ಆಚೆ ಹೋಗುತ್ತೆ. ಅದರೊಳಗೆ ಸೈಕಲ್ ಕಡ್ಡಿ ಆಡಿಸಿ, ಬಾಯಿಂದ ಊದಿ ನೋಡಿದ್ದು ನನಗೆ ಇವತ್ತಿಗೂ ನೆನಪಿದೆ. ತುಟಿಗೆ ಸೀಮೆಎಣ್ಣೆ ರುಚಿ ಹತ್ತಿತ್ತು.

ಅವತ್ತು ಆಯುಧಪೂಜೆಯ ಹಿಂದಿನ ದಿನ. ಬಾಕ್ಸನ್ನ ಬೆಂಚಿನ ಮೇಲಿಟ್ಟು ಮನೆಗೆ ಹೋದೆ. ಹಬ್ಬದ ದಿನ ಬಂದು ನೋಡಿದರೆ ಅದು ಬೆಳ್ಳಿ ಕಲಶದ ಹಾಗೆ ಹೊಳೀತಾ, ಅರಿಶಿನ ಕುಂಕುಮ ಹಚ್ಚಿಸ್ಕೊಂಡು, ನೆತ್ತಿ ಮೇಲೆ ಒಂದು ಚೆಂಡುಹೂವು ಇಟ್ಟುಕೊಂಡು ಕೂತಿತ್ತು. ಹಬ್ಬ ಮುಗಿಸಿ ಅದನ್ನ ಕಾರಿಗೆ ಎತ್ತಿ ಕೂರಿಸುವಾಗ ಬಣ್ಣ ಪೂರ್ತಿ ಒಣಗಿರಲಿಲ್ಲ. ಅಂಗೈಯೆಲ್ಲ ಬೆಳ್ಳಿ.

ಕಾರು ಹೋಯ್ತು. ಒಂದು ವಾರಕ್ಕೆ ವಾಪಸ್ ಬಂತು. ಮನೆ ಮುಂದಿನ ರಂಗೋಲಿ ಮೇಲೆಲ್ಲ ಎಣ್ಣೆ ತೊಟ್ಟಿಕ್ಕಿದೆ ಅಂತ ಹಿರಿಯರು ಮುಖ ಕೆಂಪು ಮಾಡ್ಕೊಂಡು ನಿಂತಿದ್ದರು.

ಮೇಸ್ತ್ರಿ ಕಾರಿನ ಕೆಳಗೂ ಬಗ್ಗಲಿಲ್ಲ. ನನ್ನ ಕಡೆ ಕೈ ತೋರಿಸಿದ. "ಇವನೇ ಸಾರ್ ಹಾಕಿದ್ದು. ಸೀಲು ವಾರೆ ಕೂರಿಸಿರ್ತಾನೆ. ಲೋ, ಇಳಿಸೋ."

ಇಳಿಸಿದೆ. ಸೀಲು ನೆಟ್ಟಗೇ ಇತ್ತು. ಆದರೂ ಹೊಸದು ಹಾಕಿದೆ. ಮೇಸ್ತ್ರಿ ಇನ್ನೊಂದು ಕೈ ಬೆಳ್ಳಿ ಬಳಿದ. ಕಾರು ಹೋಯ್ತು, ಮತ್ತೆ ಬಂತು. ಆ ಮೇಲೂ ಒಂದು ಸಲ. ಆ ಕೊನೇ ಸಲ ಗ್ಯಾರೇಜು ತುಂಬ ಜನ ಇದ್ದರು. ಜೊತೆಗೆ ಕೆಲಸ ಮಾಡೋರು, ಕಸ್ಟಮರುಗಳು, ಸ್ಪೇರ್ ಪಾರ್ಟ್ಸ್ ಅಂಗಡಿಯವನು. ಮೇಸ್ತ್ರಿ ನನ್ನ ಬಲಗೈ ಮಣಿಕಟ್ಟು ಹಿಡಿದು ಮೇಲೆತ್ತಿ ಎಲ್ಲರಿಗೂ ತೋರಿಸಿದ. "ನೋಡ್ರಪ್ಪಾ, ಈ ಕೈಯೇ ಸೋರುತ್ತೆ. ಸೀಲ್ ಏನ್ ಮಾಡುತ್ತೆ ಪಾಪ?"

ಎಲ್ಲರೂ ನಕ್ಕರು. ಪಾರ್ಟ್ಸ್ ಅಂಗಡಿಯವನು ಎಲ್ಲರಿಗಿಂತ ಜೋರಾಗಿ. "ಸೋರ್ಕೆ!" ಅಂದ. ಅಷ್ಟೇ, ಅದೇ ನನ್ನ ಹೆಸರಾಯ್ತು. ನಾನು ಕೈ ಬಿಡಿಸ್ಕೊಂಡು, ಡಬ್ಬಿಯಿಂದ ನನ್ನ ಪಾನಾಗಳನ್ನಷ್ಟೇ ಆರಿಸ್ಕೊಂಡು ಹೊರಗೆ ಬಂದೆ. ಹಿರಿಯರು ಗೇಟಿನ ಹತ್ರ ನಿಂತಿದ್ದರು. ಅವರು ನನ್ನನ್ನ ನೋಡಿದ ರೀತಿ, ತಟ್ಟೆಯಲ್ಲಿ ಕೂದಲು ಸಿಕ್ಕಿದ ಹಾಗೆ.

ಹೊಟ್ಟೆಗೆ ದಾರಿ ಎಲ್ಲಾದರೂ ಸಿಗುತ್ತೆ. ಹೆಸರು ಹಾಗಲ್ಲ. ಚಿಕ್ಕಲಸಂದ್ರದಲ್ಲಿ ಕೆಲಸಕ್ಕೆ ಸೇರಿದೆ, ಎರಡೇ ತಿಂಗಳಿಗೆ ಆ ಹೆಸರು ಅಲ್ಲಿಗೂ ಬಂತು. ಕೋಣನಕುಂಟೆಯಲ್ಲಿ ನನ್ನದೇ ಒಂದು ಶೆಡ್ಡು ಹಾಕಿದೆ. ಬ್ರೇಕು, ಕ್ಲಚ್ಚು, ಸಸ್ಪೆನ್ಷನ್ನು ಎಲ್ಲ ಬರ್ತಿತ್ತು. ಗೇರ್‌ಬಾಕ್ಸ್ ಮಾತ್ರ ಯಾರೂ ತರ್ತಿರಲಿಲ್ಲ. "ಅದನ್ನ ಮೇಸ್ತ್ರಿ ಹತ್ರ ತೋರಿಸ್ಕೋತೀವಿ ಬಿಡಣ್ಣ" ಅನ್ನೋರು, ನನ್ನ ಬೆಂಚಿನ ಮುಂದೆಯೇ ನಿಂತು. ಪಾರ್ಟ್ಸ್ ಅಂಗಡಿಗೆ ಹೋದರೆ ಆಯಿಲ್ ಸೀಲ್ ಕೇಳೋ ಮೊದಲೇ ಅವನು ಒಳಗೆ ಕೂಗೋನು: "ಸೋರ್ಕೆ ಬಂದವ್ನೆ, ಕೆಳಗೊಂದು ಬಕೆಟ್ ಇಡ್ರೋ!" ನಾನೂ ನಗ್ತಿದ್ದೆ. ನಕ್ಕು, ಸಾಮಾನು ತಗೊಂಡು, ಸ್ಕೂಟರ್ ಹತ್ತಿ ಸಿಗ್ನಲಲ್ಲಿ ಹಲ್ಲು ಕಡೀತಿದ್ದೆ. ಆ ಮೇಸ್ತ್ರಿ ಬೇಕಂತಲೇ ಏನೋ ಮಾಡಿದಾನೆ, ನಾನು ಬೇರೆ ಗ್ಯಾರೇಜು ಹಾಕ್ತೀನಿ ಅಂತ ಹೆದರಿ ಮಾಡಿದಾನೆ ಅಂತ ನನಗೆ ನಾನೇ ಕಥೆ ಕಟ್ಕೊಂಡಿದ್ದೆ. ವರ್ಷಗಟ್ಟಲೆ ಆ ಕಥೆಗೆ ತುಪ್ಪ ಹಾಕಿ ಸಾಕಿದೆ.

ಹೋದ ವರ್ಷ ಮಹಾಲಯ ಅಮಾವಾಸ್ಯೆ ಹತ್ರ ಬಂದಾಗ ಒಬ್ಬ ಹೆಂಗಸು ಒಂದು ಬಿಳಿ ಅಂಬಾಸಿಡರನ್ನ ಶೆಡ್ಡಿಗೆ ತಂದರು. ನನ್ನ ವಯಸ್ಸಿನವರು, ಜೆ.ಪಿ. ನಗರದಲ್ಲಿ ಮನೆ. ಅಪ್ಪನ ಕಾರಂತೆ, ಈಗ ಮದುವೆಗಳಿಗೆ ಬಾಡಿಗೆಗೆ ಬಿಡ್ತಾರಂತೆ.

"ಫೋಟೋಗೆ ಎಲ್ರಿಗೂ ಈ ಕಾರೇ ಬೇಕು. ಆದ್ರೆ ಶ್ರಾವಣದಲ್ಲಿ ಒಬ್ಬ ಮದುಮಗಳ ಧಾರೆ ಸೀರೆ ಅಂಚಿಗೆ ಎಣ್ಣೆ ಹತ್ತಿ ದೊಡ್ಡ ರಂಪ ಆಗೋಯ್ತು. ಹಳೇ ಮೇಸ್ತ್ರಿ ಪ್ರತಿ ವರ್ಷ ಸೀಲ್ ಬದಲಾಯಿಸ್ತಾನೇ ಇದಾರೆ. ಇನ್ನು ಇದರ ಹಣೆಬರಹ ಇಷ್ಟೇ, ಕೆಳಗೊಂದು ತಟ್ಟೆ ಇಡಿ ಅಂತಾರೆ."

ಗಾಡಿ ಕೆಳಗೆ ನಿಂತು ನೋಡೋಕೆ ನೆಲದಲ್ಲಿ ತೋಡಿದ ಪಿಟ್ಟಿಗೆ ಇಳಿದು ಟಾರ್ಚ್ ಬಿಟ್ಟೆ. ಎಣ್ಣೆ, ಧೂಳು, ಅದರ ಒಳಗಿಂದ ಬೆಳ್ಳಿ. ಬಾಲದ ಕಡೆ ಕೆಳಗಿನ ಬೋಲ್ಟಿನ ಪಕ್ಕ ಉಗುರಿಂದ ಕೆರೆದೆ. ಬಣ್ಣದ ಪದರು ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ಚುಕ್ಕಿ.

ಪಿಟ್ಟಿಂದ ಮೇಲೆ ಬರೋಕೆ ಸ್ವಲ್ಪ ಹೊತ್ತಾಯ್ತು. "ಯಾಕೆ, ಹಾವಿದ್ಯಾ ಒಳಗೆ?" ಅಂತ ಮೇಡಂ ಕೇಳಿದರು. "ಇದೆ ಮೇಡಂ. ಒಂದು ವಾರ ಬಿಟ್ಟು ಹೋಗಿ," ಅಂದೆ.

ಅಷ್ಟು ಆಸೆಯಿಂದ ನಾನು ಯಾವ ಕೆಲಸಾನೂ ಮಾಡಿಲ್ಲ. ಮೊದಲು ಸೀಮೆಎಣ್ಣೆ ಬ್ರಷ್ಷಲ್ಲಿ ಇಡೀ ಬಾಕ್ಸು ತೊಳೆದು ಒಣಗಿಸಿದೆ. ತೊಳೆಯೋ ಮೊದಲು ಒಂದು ತೊಟ್ಟು ಬೆರಳ ಮೇಲೆ ಹಿಡಿದು ಮೂಸಿದೆ. ಇಂಜಿನ್ ಆಯಿಲ್ ಆದರೆ ಸುಟ್ಟ ವಾಸನೆ. ಇದು ಕೊಳೆತ ಬೆಳ್ಳುಳ್ಳಿ ವಾಸನೆ, ಗೇರ್ ಆಯಿಲ್ಲೇ. ಆಮೇಲೆ ಮನೆಯಿಂದ ಪೌಡರ್ ಡಬ್ಬ ತಂದು ಬಾಕ್ಸಿನ ಮೇಲೆಲ್ಲ ಉದುರಿಸಿದೆ. ಎಣ್ಣೆ ಹೊರಟ ಕಡೆ ಪೌಡರು ಮೊದಲು ಒದ್ದೆಯಾಗುತ್ತೆ, ಕಳ್ಳ ಎಲ್ಲಿಂದ ಬಂದ ಅಂತ ಗೊತ್ತಾಗುತ್ತೆ. ಕಾರಿನ ಕೆಳಗೆ ಹೊಸ ರಟ್ಟು ಹಾಸಿ ಬಿಟ್ಟೆ. ಬೆಳಿಗ್ಗೆ ರಟ್ಟು ಒಣಗೇ ಇತ್ತು.

ತಣ್ಣಗಿದ್ದಾಗ ಸೋರೋದಿಲ್ಲ ಅಂತಾಯ್ತು. ಕನಕಪುರ ರಸ್ತೆಯಲ್ಲಿ ದೂರ ಓಡಿಸಿ, ಚೆನ್ನಾಗಿ ಕಾಯಿಸ್ಕೊಂಡು ಬಂದು ಮತ್ತೆ ಪಿಟ್ ಮೇಲೆ ನಿಲ್ಲಿಸಿದೆ. ಮುಂದೆ ಕ್ಲಚ್ಚಿನ ಕಡೆ ಒದ್ದೆ, ಹಿಂದೆ ಬಾಲದ ಸೀಲಿನ ಹತ್ರ ಒದ್ದೆ, ಪಕ್ಕದ ಮುಚ್ಚಳದ ಸುತ್ತಲೂ ಒದ್ದೆ. ಒಂದು ಸೀಲು ಹೋಗಿದ್ದರೆ ಒಂದೇ ಕಡೆ ಸೋರಬೇಕು. ಎಲ್ಲಾ ಕಡೆಯಿಂದ ಒಟ್ಟಿಗೆ ಬಂದರೆ ಒಳಗಿಂದ ಯಾರೋ ನೂಕ್ತಿದಾರೆ ಅಂತ ಅರ್ಥ. ಎಣ್ಣೆ ತುಂಬೋ ಬಿರಡೆಗೆ ಪಾನಾ ಹಾಕಿ ಒಂದು ಸುತ್ತು ಸಡಿಲ ಮಾಡಿದೆ.

ಉಸ್ಸ್ಸ್ ಅಂತು.

ಒಳಗೆ ಗಾಳಿ ಕಟ್ಟಿಕೊಂಡಿತ್ತು. ಮೇಸ್ತ್ರಿ ಹತ್ರ ಇದ್ದಾಗ ಪ್ರತಿ ಸಲವೂ ನಾವು ಬಾಕ್ಸು ಇಳಿಸಿದ್ದು ತಣ್ಣಗಾದ ಮೇಲೆ. ಆವಾಗ ಒಳಗೆ ಒತ್ತಡವೇ ಇರೋದಿಲ್ಲ, ಏನೂ ಕೇಳೋದಿಲ್ಲ. ಬ್ರೀದರ್ ನಾನೇ ಊದಿ ನೋಡಿದ್ದಲ್ವಾ ಅಂತ ಆ ಕಡೆ ತಿರುಗಿಯೂ ನೋಡಿರಲಿಲ್ಲ. ಕಾರಿನೊಳಗೆ ನೆಲದ ತಗಡು ಬಿಚ್ಚಿ ಬಾಕ್ಸಿನ ನೆತ್ತಿ ನೋಡಿದೆ. ನಾನು ಊದಿದ್ದ ತೂತು ಇರಬೇಕಾದ ಜಾಗದಲ್ಲಿ ತೂತಿರಲಿಲ್ಲ. ನುಣ್ಣಗೆ ಬೆಳ್ಳಿ.

ಕಡ್ಡಿ ಹಾಕಿ ಅಲ್ಲೇ ಬಿಡಿಸಬಹುದಿತ್ತು. ಬಿಡಿಸಲಿಲ್ಲ. ತಗಡು ಮುಚ್ಚಿ, ಮೇಡಂಗೆ ಫೋನ್ ಮಾಡಿ, ಇದ್ದದ್ದು ಇದ್ದ ಹಾಗೆ ಹೇಳಿದೆ. ಆ ಬಾಕ್ಸು ಜೋಡಿಸಿದ್ದು ನಾನೇ ಅಂತಲೂ ಹೇಳಿದೆ.

"ಅಪ್ಪ ಇರೋವರ್ಗೂ ನಿಮ್ಮನ್ನ ಬೈತಾನೇ ಇದ್ರು," ಅಂದರು. "ಪ್ರತಿ ಸಲ ನೆಲ ತೊಳೆಸುವಾಗ. ಆ ಕೈಲಾಗದೋನು ಅಂತ."

"ಆಯುಧಪೂಜೆ ದಿನ ಕಾರನ್ನ ಮೇಸ್ತ್ರಿ ಗ್ಯಾರೇಜಿಗೆ ತಗೊಂಡು ಹೋಗೋಣ ಮೇಡಂ. ನೀವೂ ಬನ್ನಿ. ಆಮೇಲೆ ನಿಮ್ಮ ಕಾರು ಒಂದು ತೊಟ್ಟು ಸೋರಿದ್ರೂ ನನ್ನನ್ನ ಕೇಳಿ."

"ಹಬ್ಬದ ದಿನ ಜಗಳ ಮಾಡ್ತೀರಾ?"

"ಇಲ್ಲ. ಪೂಜೆ ಮಾಡಿಸ್ತೀನಿ."

ಹಬ್ಬದ ದಿನ ಪಾನಾ ಮುಟ್ಟಬಾರದು ಅನ್ನೋದು ನಮ್ಮಲ್ಲಿ ಕಟ್ಟುನಿಟ್ಟು. ಸಾಮಾನೆಲ್ಲ ತೊಳೆದು, ಸಾಲಾಗಿ ಜೋಡಿಸಿ, ಕುಂಕುಮ ಇಟ್ಟರೆ ಮಾರನೇ ದಿನದವರೆಗೂ ಅವಕ್ಕೆ ರಜ. ನಾನು ಎಲ್ಲ ಜೋಡಿಸಿ ಒಂದು ಪಾನಾ ಮಾತ್ರ ಜೇಬಿಗೆ ಹಾಕ್ಕೊಂಡೆ, ಜೊತೆಗೊಂದು ಸೈಕಲ್ ಕಡ್ಡಿ. ಹೆಂಡತಿ ನೋಡಿದಳು.

"ರೀ, ಏನದು? ಸಾಲಲ್ಲಿ ಒಂದು ಜಾಗ ಖಾಲಿ ಇದೆ."

"ಅದಕ್ಕೆ ಬೇರೆ ಕಡೆ ಪೂಜೆ ಇದೆ."

"ಇಷ್ಟು ವರ್ಷ ಆದ್ಮೇಲೆ ಅದನ್ನ ಕೆದಕಿ ಏನ್ ಸಿಗುತ್ತೆ ನಿಮ್ಗೆ?" ಅಂದಳು. "ಮೊದ್ಲು ನನ್ ಪೌಡರ್ ಡಬ್ಬ ವಾಪಸ್ ಕೊಡಿ." ಡಬ್ಬ ಆಗಲೇ ಖಾಲಿಯಾಗಿತ್ತು.

ಕೋಣನಕುಂಟೆಯಿಂದ ಬೇಕಂತಲೇ ಸುತ್ತು ಹಾಕಿ, ಬಾಕ್ಸು ಕಾಯೋ ಹಾಗೆ ಓಡಿಸ್ಕೊಂಡು ಹೋದೆ. ಮೇಡಂ ಹಿಂದಿನ ಸೀಟಲ್ಲಿ ಮಡಿಲ ತುಂಬ ಸೇವಂತಿಗೆ ಇಟ್ಕೊಂಡು ಕೂತಿದ್ದರು. ಗ್ಯಾರೇಜಿನ ಬಾಗಿಲಿಗೆ ಬಾಳೆಕಂದು, ಒಡೆದ ಬೂದುಗುಂಬಳ, ತುಂಬ ಜನ. ನಾನು ಅಂದುಕೊಂಡ ಹಾಗೇ. ಹಳೇ ಜೊತೆಗಾರರಿದ್ದರು, ಕಸ್ಟಮರುಗಳಿದ್ದರು, ಪಾರ್ಟ್ಸ್ ಅಂಗಡಿಯವನೂ ಕಡ್ಲೆಪುರಿ ಮುಕ್ಕುತ್ತಾ ನಿಂತಿದ್ದ. ಮೇಸ್ತ್ರಿ ಬಿಳಿ ಪಂಚೆ ಉಟ್ಟು ಕುರ್ಚಿ ಮೇಲೆ ಕೂತಿದ್ದ. ತಲೆ ಪೂರ್ತಿ ನರೆತಿತ್ತು.

"ಯಾರಪ್ಪಾ ಅದು?"

"ಸೋರ್ಕೆ ಮೇಸ್ತ್ರಿ, ನಿಮ್ಮ ಸೋರ್ಕೆ!" ಅಂದ ಪಾರ್ಟ್ಸ್ ಅಂಗಡಿಯವನು. ಪುರಿ ಉಗಿಯೋ ಹಾಗೆ ನಕ್ಕ.

"ಓಹೋ, ಬಾರೋ ಬಾರೋ. ಪುರಿ ತಗೋ."

"ಆಮೇಲೆ ತಗೋತೀನಿ. ಮೊದ್ಲು ಪಿಟ್ ಬಿಡಿ ಮೇಸ್ತ್ರಿ."

"ಹಬ್ಬದ ದಿನ ಸಾಮಾನು ಮುಟ್ಟಬಾರದು ಕಣೋ. ಅಷ್ಟೂ ಮರೆತ್ಯಾ?"

"ನಿಮ್ಮ ಸಾಮಾನು ಮುಟ್ಟಲ್ಲ," ಅಂತ ನನ್ನ ಪಾನಾ ತೋರಿಸಿದೆ. "ಇದಕ್ಕೆ ಪೂಜೆ ಇಲ್ಲೇ."

ಜನಕ್ಕೆ ಏನೋ ತಮಾಷೆ ನಡೆಯುತ್ತೆ ಅನ್ನಿಸಿ ಹತ್ತಿರ ಬಂದರು. ಪಿಟ್ಟಿಗೆ ಇಳಿದು ಬಿರಡೆ ಒಂದು ಸುತ್ತು ತಿರುಗಿಸಿದೆ. ಉಸ್ಸ್ಸ್. ಮೇಲೆ ನಿಂತಿದ್ದವರಿಗೂ ಕೇಳಿಸ್ತು.

ಏನೇ ಆದರೂ ಅವನು ಮೇಸ್ತ್ರಿ. ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಕುರ್ಚಿಯಿಂದ ಎದ್ದುಬಿಟ್ಟ. "ಗಾಳಿ ಕಟ್ಟಿದೆ! ಬ್ರೀದರ್ ಮುಚ್ಚೋಗಿದೆ ಅದರದ್ದು!" ಅಂತ ಕೂಗಿದ. ಆಮೇಲೆ ಎಲ್ಲರ ಕಡೆ ತಿರುಗಿ, ಆ ಹಳೇ ಗತ್ತಲ್ಲೇ, "ಯಾವ ನನ್ಮಗ ಮುಚ್ಚಿದ್ದು ಅದನ್ನ?" ಅಂದ.

ಇಷ್ಟು ಚೆನ್ನಾಗಿ ಆಗುತ್ತೆ ಅಂತ ನಾನು ಕನಸಲ್ಲೂ ಅಂದುಕೊಂಡಿರಲಿಲ್ಲ.

"ಬನ್ನಿ, ನೋಡೋಣ," ಅಂದೆ. ನೆಲದ ತಗಡು ಎತ್ತಿದೆ. ಟಾರ್ಚ್ ಅವನ ಎಡಗೈಗೆ, ಸೈಕಲ್ ಕಡ್ಡಿ ಬಲಗೈಗೆ ಕೊಟ್ಟೆ. "ನೀವೇ ಬಿಡಿಸಿ. ನನ್ನ ಕೈ ಸೋರುತ್ತೆ."

ಅವನು ಬಗ್ಗಿ ಕೆರೆದ. ಬೆಳ್ಳಿ ಎದ್ದು ಬಂತು. ಅದರ ಕೆಳಗೆ ಪುಟ್ಟಿ. ಅದರ ಕೆಳಗೆ ಮತ್ತೆ ಬೆಳ್ಳಿ, ಮತ್ತೆ ಪುಟ್ಟಿ. ಕೆರೀತಾ ಕೆರೀತಾ ಅವನ ಕೈ ನಿಧಾನ ಆಗ್ತಾ ಬಂತು. ಸುತ್ತ ನಿಂತಿದ್ದವರಲ್ಲಿ ಪುರಿ ಅಗಿಯೋ ಸದ್ದೂ ನಿಂತಿತು. ಆ ಬೆಳ್ಳಿ ಯಾರದ್ದು ಅಂತ ಅಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಕೊನೆಗೆ ಕಡ್ಡಿ ಸರಕ್ಕನೆ ಒಳಗೆ ಹೋಯ್ತು.

"ಎರಕದ ತೂತು ಅಂದ್ಕೊಂಡು ತುಂಬಿದೀನಿ ಕಣೋ," ಅಂದ. "ಚೆನ್ನಾಗಿ ಕಾಣ್ಲಿ ಅಂತ. ಬೇಕಂತ ಮಾಡಿದ್ದಲ್ಲ."

ಅದು ನಿಜ ಅಂತ ನನಗೆ ಗೊತ್ತಾಯ್ತು. ಅದಕ್ಕೇ ಇನ್ನೂ ಉರಿದುಹೋಯ್ತು. ಬೇಕಂತ ಮಾಡಿದ್ದರೆ, ಹೆದರಿಕೊಳ್ಳೋ ಅಷ್ಟಾದರೂ ನಾನೊಬ್ಬ ಅವನ ಲೆಕ್ಕದಲ್ಲಿ ಇದ್ದೆ ಅಂತಾಗ್ತಿತ್ತು. ಇಲ್ಲಿ ನೋಡಿದರೆ ನಾನು ಇರಲೇ ಇಲ್ಲ. ಮುಖ ಎತ್ತಿ ಅವನು ಇನ್ನೊಂದು ಮಾತು ಕೇಳಿದ: "ಇದನ್ನ ಜೋಡಿಸಿದ್ದೋನು ಯಾರೋ ಹುಡುಗ ಇದ್ನಲ್ಲ... ನೀನೇನಾ ಅದು?"

ನನ್ನ ಕೈ ಹಿಡಿದು ಊರಿಗೆಲ್ಲ ತೋರಿಸಿದ್ದು ಅವನಿಗೆ ನೆನಪೇ ಇರಲಿಲ್ಲ.

"ನಾನೇ," ಅಂದೆ. ಬಲಗೈ ಎತ್ತಿ ಅವನ ಮುಖದ ಮುಂದೆ ಹಿಡಿದೆ. "ಈ ಕೈ ಸೋರಲಿಲ್ಲ ಅಂತ ಹೇಳಿ."

"ಆಯ್ತು ಬಿಡೋ..."

"ಹೇಳಿ ಮೇಸ್ತ್ರಿ."

"ಸೋರಲಿಲ್ಲ."

"ಹಿಂದೆ ನಿಂತಿರೋರಿಗೆ ಕೇಳ್ಲಿಲ್ಲ."

ಹಳೇ ಜೊತೆಗಾರನೊಬ್ಬ ನನ್ನ ಹೆಗಲು ಮುಟ್ಟಿದ. "ಸಾಕು ಬಿಡು ಗುರು. ವಯಸ್ಸಾದೋರು. ಹಬ್ಬದ ದಿನ."

"ಅವತ್ತು ನನ್ನ ಕೈ ಹಿಡಿದು ಎತ್ತಿದಾಗ ಸಾಕು ಅಂತ ನೀನು ಅಂದ್ಯಾ?" ಅಂದೆ. ಅವನು ಕೈ ತೆಗೆದ.

ಮೇಸ್ತ್ರಿ ಎದ್ದು ನಿಂತ. ಅಂಗೈಗೆ ಬೆಳ್ಳಿ ಚೂರು ಅಂಟಿತ್ತು. "ಇವನ ಕೈ ಸೋರಲಿಲ್ಲ. ನನ್ನದೇ ತಪ್ಪು," ಅಂದ, ಎಲ್ಲರಿಗೂ ಕೇಳೋ ಹಾಗೆ. ಮೇಡಂ ಹೂವಿನ ಪೊಟ್ಟಣ ನೋಡ್ಕೊಂಡು ನಿಂತಿದ್ದರು. "ಅಪ್ಪ ಇರಬೇಕಿತ್ತು," ಅಂದರು, ಯಾರಿಗೂ ಅಲ್ಲ.

ನನಗೆ ಅಯ್ಯೋ ಅನ್ನಿಸ್ಲಿಲ್ಲ. ಅನ್ನಿಸುತ್ತೇನೋ ಅಂತ ಸ್ವಲ್ಪ ಹೊತ್ತು ಕಾದೂ ನೋಡಿದೆ. ಇಲ್ಲ.

ಪೂಜೆಗಿಟ್ಟ ಸಾಮಾನುಗಳ ಸಾಲಲ್ಲಿ ಪಾನಾ, ಸುತ್ತಿಗೆ, ಜಾಕ್‌ಗಳ ನಡುವೆ ಆ ಬ್ರಷ್ಷೂ ಇತ್ತು. ಹಿಡಿಗೆ ಕುಂಕುಮ, ಕೂದಲೆಲ್ಲ ಬೆಳ್ಳಿ ಹತ್ತಿ ಗಟ್ಟಿಯಾಗಿತ್ತು. ಅದನ್ನ ಎತ್ಕೊಂಡೆ. ಯಾರೂ ಬೇಡ ಅನ್ನಲಿಲ್ಲ. ಹೊರಡೋವಾಗ ಪಾರ್ಟ್ಸ್ ಅಂಗಡಿಯವನು ಆಗಲೇ ಪಕ್ಕದವನ ಕಿವಿಯಲ್ಲಿ "ಪುಟ್ಟಿ ಮೇಸ್ತ್ರಿ" ಅಂತಿದ್ದ. ಅವನ ಬಾಯಿ ಎಂಥದ್ದು ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮುಂದಿನ ಕೆಲಸ ಅವನಿಗೇ ಬಿಟ್ಟೆ.

ಮಾರನೇ ದಿನ ಬಾಕ್ಸು ಇಳಿಸಿದೆ. ಒತ್ತಡಕ್ಕೆ ತುಟಿ ಮಡಚಿಕೊಂಡಿದ್ದ ಸೀಲು ತೆಗೆದು ಹೊಸದು ಕೂರಿಸಿದೆ. ಬೆಳ್ಳಿಯೆಲ್ಲ ಕೆರೆದು ಬರೀ ಲೋಹ ಕಾಣೋ ಹಾಗೆ ಬಿಟ್ಟೆ. ಬ್ರೀದರಿನೊಳಗೆ ಕಡ್ಡಿ ಆಡಿಸಿ ಬಾಯಿಂದ ಊದಿದೆ. ಹಳೇ ಚುಕ್ಕಿ ಪಕ್ಕ ಇನ್ನೊಂದು ಚುಕ್ಕಿ ಹೊಡೆದೆ. ಆ ಸೀಸನ್ನಿನ ಮದುವೆಗಳೆಲ್ಲ ಮುಗಿದ ಮೇಲೆ ಮೇಡಂ ಕಾರಿನ ಕೆಳಗಿನ ನೆಲದ ಫೋಟೋ ತೆಗೆದು ಕಳಿಸಿದರು. ಫೋಟೋದಲ್ಲಿ ಬರೀ ನೆಲ ಇತ್ತು.

ಮೇಸ್ತ್ರಿ ಈ ಬೇಸಿಗೆಯಲ್ಲಿ ಗ್ಯಾರೇಜು ಮುಚ್ಚಿದ. ಮಂಡಿನೋವು ಅಂತ ಹೇಳ್ಕೊಂಡು ತಿರುಗ್ತಾನಂತೆ. ಇರಬಹುದು. ಅವನ ಗೇರ್‌ಬಾಕ್ಸ್ ಬೆಂಚನ್ನ, ನನ್ನ ಬಾಕ್ಸು ಹೂ ಮುಡಿದು ಕೂತಿತ್ತಲ್ಲ ಅದೇ ಬೆಂಚನ್ನ, ಗುಜರಿಯವನು ಹೊತ್ಕೊಂಡು ಹೋಗುವಾಗ ದಾರಿಯಲ್ಲೇ ತಡೆದು ಕೊಂಡ್ಕೊಂಡೆ. "ಅಷ್ಟು ಹಳೇದು ಯಾಕಣ್ಣ?" ಅಂತ ಕೇಳಿದ. ಕೂತ್ಕೊಂಡು ಟೀ ಕುಡಿಯೋಕೆ ಅಂದೆ. ಅದರ ಮೇಲೆ ದಿನಾ ಕುಡೀತೀನಿ.

ಈಗ ನನ್ನ ಹತ್ರ ಇರೋದು ಇಷ್ಟು: ಎರಡು ಷಟರಿನ ಗ್ಯಾರೇಜು, ಒಂದು ಪಿಟ್ಟು, ಎರಡು ಬೆಂಚು, ಸರದಿಗೆ ಕಾಯ್ತಿರೋ ನಾಲ್ಕು ಗೇರ್‌ಬಾಕ್ಸು, ಒಬ್ಬಳು ಹೆಂಡತಿ, ಅವಳಿಗೆ ತಂದುಕೊಟ್ಟ ಹೊಸ ಪೌಡರ್ ಡಬ್ಬ ಒಂದು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಬೆಳ್ಳಿ ಬ್ರಷ್ಷು ಒಂದು.